ನಾಲ್ಕು ಮೇಜುಗಳ ನಡುವೆ ಲವೀನಾ

ನಾನು ಕೆಲಸಕ್ಕೆ ಸೇರಿದಾಗ ಆಸ್ಪತ್ರೆಯ ನಮ್ಮ ವಿಭಾಗದಲ್ಲಿ ನಾಲ್ಕು ಮೇಜುಗಳಿದ್ದವು, ನಾಲ್ಕು ಸಿದ್ಧಾಂತಗಳಿದ್ದವು, ಫ್ಯಾನು ಮಾತ್ರ ಒಂದೇ ಇತ್ತು. ಮಂಗಳೂರಿನ ಎಪ್ರಿಲ್ ತಿಂಗಳನ್ನು ಬಲ್ಲವರು ಫ್ಯಾನಿನ ಜಗಳವೇ ದೊಡ್ಡದಿರಬೇಕು ಅಂದುಕೊಳ್ಳುತ್ತಾರೆ. ಹಾಗಿರಲಿಲ್ಲ. ಫ್ಯಾನಿನ ಜಗಳ ಮಧ್ಯಾಹ್ನದ ಊಟದೊಳಗೆ ಮುಗಿಯುತ್ತಿತ್ತು. ಸಿದ್ಧಾಂತದ ಜಗಳ ನಾನು ನಿವೃತ್ತನಾಗಿ ಮನೆಗೆ ಬಂದ ದಿನವೂ ನಡೆದೇ ಇತ್ತು.

ಈಗ ಶಕ್ತಿನಗರದ ನಮ್ಮ ಮನೆಗೆ ಮನಶ್ಶಾಸ್ತ್ರ ಓದಿ ಮುಗಿಸಿದ ಹುಡುಗ ಹುಡುಗಿಯರು ಆಗಾಗ ಬರುತ್ತಾರೆ. ಕಾಫಿ ಆರುವ ಮೊದಲೇ ಕೇಳುತ್ತಾರೆ: "ಸರ್, ಇಷ್ಟೆಲ್ಲ ಸಿದ್ಧಾಂತ ಉಂಟಲ್ಲ, ಇದರಲ್ಲಿ ಯಾವುದನ್ನು ಹಿಡ್ಕೊಂಡ್ರೆ ಒಳ್ಳೆಯದು?" ಅವರಿಗೆ ನಾನು ಪಾಠ ಮಾಡುವುದಿಲ್ಲ, ಲವೀನಾಳ ಕಥೆ ಹೇಳುತ್ತೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಹೆಸರು ಬೇಕಾದ್ರೆ ಬದಲಾಯಿಸಿ ಸರ್. ಬಿದ್ದದ್ದು ಯಾರು ಅನ್ನುವುದನ್ನು ಮಾತ್ರ ಬದಲಾಯಿಸಬೇಡಿ" ಎಂದಿದ್ದಾಳೆ. ಹಾಗಾಗಿ ಹೆಸರನ್ನು ಬದಲಾಯಿಸಿದ್ದೇನೆ, ಉಳಿದದ್ದು ನಡೆದ ಹಾಗೇ ಇದೆ.

ಮೊದಲು ಮೇಜುಗಳ ಪರಿಚಯ. ಕಿಟಕಿಯ ಪಕ್ಕದ್ದು ವಿಭಾಗದ ಮುಖ್ಯಸ್ಥರದು. ಅವರನ್ನು ಎಲ್ಲರೂ ದೊಡ್ಡ ಸರ್ ಎನ್ನುತ್ತಿದ್ದರು. ಮನೋವಿಶ್ಲೇಷಣೆಯ ಕಟ್ಟಾ ಭಕ್ತರು. ಇಂದಿನ ಸಂಕಟದ ಬೇರು ಬಾಲ್ಯದಲ್ಲಿದೆ, ಅದೂ ನಮಗೇ ಗೊತ್ತಿಲ್ಲದ ಮನಸ್ಸಿನ ಆಳದಲ್ಲಿದೆ, ಅದನ್ನು ಮಾತಿನ ಮೂಲಕ ಮೇಲೆ ತರಬೇಕು ಎಂಬುದು ಅವರ ನಂಬಿಕೆ. ರೋಗಿಗಳು ಮಲಗಿಕೊಂಡು ಮಾತಾಡಲೆಂದು ಒಂದು ಮಂಚ ಹಾಕಿಸಿದ್ದರು. ಕ್ಯಾಂಟೀನಿನವನು ಬನ್ಸಿನ ಬದಲು ಗೋಳಿಬಜೆ ತಂದಿಟ್ಟರೂ ಅದರಲ್ಲಿ ಏನೋ ಅಡಗಿದೆ ಎಂದು ಹುಬ್ಬು ಏರಿಸುತ್ತಿದ್ದರು.

ಬಾಗಿಲ ಬಳಿಯ ಮೇಜು ಸಿಸ್ಟರ್ ಬೆನೆಡಿಕ್ಟಾ ಅವರದು. ಕ್ರೈಸ್ತ ಸಂನ್ಯಾಸಿನಿ, ಆಪ್ತಸಲಹೆಗಾರ್ತಿ, ಸಿದ್ಧಾಂತದಲ್ಲಿ ಮಾನವತಾವಾದಿ. ಪ್ರತಿಯೊಬ್ಬನಲ್ಲೂ ಬೆಳೆಯುವ ಶಕ್ತಿ ಇದೆ, ನಾವು ತೀರ್ಪು ಕೊಡದೆ ಕಿವಿ ಕೊಟ್ಟರೆ ಸಾಕು, ಅವನ ದಾರಿ ಅವನಿಗೇ ಕಾಣುತ್ತದೆ ಎನ್ನುತ್ತಿದ್ದರು. ಅವರ ಕೋಣೆಯಿಂದ ಜನ ಕಣ್ಣೊರೆಸಿಕೊಂಡು ಹೊರಗೆ ಬರುತ್ತಿದ್ದರು, ಮುಖ ಮಾತ್ರ ಹಗುರವಾಗಿರುತ್ತಿತ್ತು. ಮೂರನೆಯದು ಮನೋವೈದ್ಯೆ ಡಾಕ್ಟರ್ ನಫೀಸಾ ಅವರದು. ಮಿದುಳು, ನರ, ರಕ್ತ, ಮಾತ್ರೆ ಇಷ್ಟೇ ಅವರ ಲೋಕ. "ಮನಸ್ಸು ಎಲ್ಲಿ ಉಂಟು ಅಂತ ತೋರಿಸಿ ಮಾರಾಯ್ರೇ, ಸ್ಟೆತಸ್ಕೋಪ್ ಇಡ್ತೇನೆ" ಎಂದು ದೊಡ್ಡ ಸರ್ ಅವರನ್ನು ಕೆಣಕುತ್ತಿದ್ದರು.

ನಾಲ್ಕನೆಯದು ನನ್ನದು. ಬೋಳಾರದ ಅರ್ಚಕರ ಮನೆಯ ಮಗ ನಾನು, ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಭಟ್ರು. ಮನೆಯಲ್ಲಿ ಮಂತ್ರ ಕಲಿಯಲಿಲ್ಲ, ವಿಶ್ವವಿದ್ಯಾಲಯದಲ್ಲಿ ವರ್ತನಾವಾದ ಕಲಿತು ಬಂದೆ. ಭಯ ಎನ್ನುವುದು ಕಲಿತದ್ದು, ಕಲಿತದ್ದನ್ನು ಬಿಡಿಸಬಹುದು, ಒಳಗೆ ಏನಿದೆ ಎಂದು ಕೆದಕುತ್ತ ಕೂರುವುದು ಸಮಯ ಹಾಳು. ಲಿಫ್ಟಿಗೆ ಹೆದರುವವರನ್ನು ಲಿಫ್ಟಿಗೆ ಹತ್ತಿಸಿದ್ದೆ, ನಾಯಿಗೆ ಹೆದರುವವರ ಕೈಯಲ್ಲಿ ನಾಯಿಗೆ ಬಿಸ್ಕತ್ತು ಹಾಕಿಸಿದ್ದೆ. ಎರಡು ಮೂರು ಗೆಲುವಿಗೇ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನಾಲ್ವರೂ ನಮ್ಮ ನಮ್ಮ ಹೆಗ್ಗಣವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆವು.

ಅಂಥ ಕೋಣೆಗೆ ಒಂದು ಬೆಳಗ್ಗೆ ಕೊಟ್ಟಾರದಿಂದ ತ್ರೇಸಿ ಬಾಯಿ ಮಗಳನ್ನು ಕರೆದುಕೊಂಡು ಬಂದರು. ಮಗಳು ಲವೀನಾ, ನಮ್ಮ ಆಸ್ಪತ್ರೆಗೆ ಸೇರಿದ ನರ್ಸಿಂಗ್ ಕಾಲೇಜಿನಲ್ಲೇ ಓದುತ್ತಿದ್ದಳು.

"ನಮ್ಮ ಮನೆಯಲ್ಲಿ ಎಲ್ಲ ನರ್ಸುಗಳೇ ಡಾಕ್ಟ್ರೇ" ಎಂದು ಶುರು ಮಾಡಿದರು ತ್ರೇಸಿ ಬಾಯಿ. "ನಾನು ಕುವೈಟಿನಲ್ಲಿ ಇದ್ದೆ. ನನ್ನ ತಂಗಿ ಮಸ್ಕತ್ತಿನಲ್ಲಿ ಈಗಲೂ ಇದ್ದಾಳೆ. ಇವಳು ಮಾತ್ರ ರಕ್ತ ನೋಡಿದ್ರೆ ಧೊಪ್ಪನೆ ಬೀಳ್ತಾಳೆ. ಮನೆಯಲ್ಲಿ ಬಂಗುಡೆ ಮೀನು ಕೊಯ್ಯುವಾಗ ಎಂತ ಆಗುವುದಿಲ್ಲ. ಕೋಳಿ ಕೊಯ್ದ್ರೂ ಎಂತ ಇಲ್ಲ. ಇವಳಿಗೆ ಬೀಳ್ಲಿಕ್ಕೆ ಮನುಷ್ಯರ ರಕ್ತವೇ ಆಗಬೇಕು."

ಲವೀನಾ ತಲೆ ತಗ್ಗಿಸಿಕೊಂಡು ಕೇಳುತ್ತಿದ್ದಳು. ಪ್ರಾಂಶುಪಾಲರು ಅವಳಿಗೆ ಕಡೆಯ ಮಾತು ಹೇಳಿಯಾಗಿತ್ತು. ಸರ್ಜಿಕಲ್ ವಾರ್ಡಿನ ಸರದಿ ಮುಗಿಯುವುದರೊಳಗೆ ಅವರ ಎದುರು ಒಬ್ಬರ ರಕ್ತ ತೆಗೆದು ತೋರಿಸಬೇಕು. ಆಗದಿದ್ದರೆ ಕೋರ್ಸು ಬಿಟ್ಟು ಹೋಗಬೇಕು. ನಾನು ಅವಳನ್ನೇ ಕೇಳಿದೆ, ನಿನಗೆ ಏನು ಆಗಬೇಕು ಎಂದು.

"ನನಗೆ ಬೇರೆ ಎಂತದೂ ಬೇಡ ಸರ್. ನರ್ಸ್ ಆಗಬೇಕು. ಮಮ್ಮಿಗೋಸ್ಕರ ಅಲ್ಲ. ರೋಗಿಗಳ ಹತ್ರ ಇರುವಾಗ ನಾನು ಖುಷಿಯಲ್ಲಿರ್ತೇನೆ. ರಕ್ತ ಒಂದು ಇಲ್ಲದಿದ್ರೆ ಆಗ್ತಿತ್ತು."

ಮುಖ್ಯಸ್ಥರೆಂಬ ಕಾರಣಕ್ಕೆ ಮೊದಲ ಸರದಿ ದೊಡ್ಡ ಸರ್ ಅವರದಾಯಿತು. ಅವರು ಅವಳನ್ನು ಮಂಚದ ಮೇಲೆ ಮಲಗಿಸಿ, ತಲೆಯ ಹಿಂದೆ ಕುರ್ಚಿ ಹಾಕಿಕೊಂಡು ಕೂತು, "ಮನಸ್ಸಿಗೆ ಎಂತ ಬರ್ತದೋ ಅದನ್ನು ಹೇಳು" ಎಂದರು. ಕೆಲವು ಸಲ ಮೀನು ಬಂತು, ಕೆಲವು ಸಲ ಪರೀಕ್ಷೆ ಬಂತು, ಆಮೇಲೆ ಅಮ್ಮ ಬಂದರು. ತಾಯಿ ಕುವೈಟಿನಲ್ಲಿದ್ದಾಗ ಲವೀನಾ ಅಜ್ಜಿಯ ಜೊತೆ ಬೆಳೆದವಳು. ರಜೆಯಲ್ಲಿ ಬರುತ್ತಿದ್ದ ತಾಯಿ ಮಡಚಿಟ್ಟ ಬಿಳಿ ಸಮವಸ್ತ್ರದ ಬಗ್ಗೆ ಅವಳಿಗೆ ವಿಪರೀತ ಸಿಟ್ಟಿತ್ತು. ಆ ಸಿಟ್ಟು ಅವಳಿಗೇ ಗೊತ್ತಿರಲಿಲ್ಲ. ಒಂದು ದಿನ ಅದು ಹೊರಗೆ ಬಂತು, ಅತ್ತಳು, ಮನೆಗೆ ಹೋಗಿ ತಾಯಿಯ ಹತ್ತಿರ ಹೇಳಿಕೊಂಡಳು, ತಾಯಿಯೂ ಅತ್ತರು. ಮರುದಿನ ತ್ರೇಸಿ ಬಾಯಿ ವಿಭಾಗಕ್ಕೆಲ್ಲ ಪತ್ತೊಳಿ ಎಂಬ ಸಿಹಿ ಕಡುಬು ಹಂಚಿದರು. ಅರಸಿನ ಎಲೆಯ ಪರಿಮಳ ಸಂಜೆಯವರೆಗೂ ಕೋಣೆಯಲ್ಲಿತ್ತು.

ನಾನು ಹೊಟ್ಟೆಕಿಚ್ಚಿನಿಂದಲೇ ಒಪ್ಪಿಕೊಂಡೆ, ನಾನಾಗಿದ್ದರೆ ಆ ಸಿಟ್ಟಿನ ಹತ್ತಿರವೂ ಹೋಗುತ್ತಿರಲಿಲ್ಲ. ದೊಡ್ಡ ಸರ್ ಗೆದ್ದೆನೆಂಬ ಮುಖ ಮಾಡಿಕೊಂಡು ಅವಳನ್ನು ವಾರ್ಡಿಗೆ ಕಳುಹಿಸಿದರು. ಹೋದವಳು ಡ್ರೆಸ್ಸಿಂಗ್ ಟ್ರಾಲಿಯ ಪಕ್ಕದಲ್ಲಿ ಬಿದ್ದಳು. ತಾಯಿಯ ಮೇಲಿನ ಸಿಟ್ಟು ಹೋಗಿತ್ತು, ತಲೆಸುತ್ತು ಹೋಗಿರಲಿಲ್ಲ. ದೊಡ್ಡ ಸರ್, "ಬೇರು ಇನ್ನೂ ಆಳಕ್ಕೆ ಉಂಟು, ಎರಡು ಮೂರು ವರ್ಷ ಬೇಕು" ಎಂದರು. ಅವರ ಸಿದ್ಧಾಂತದ ಶಕ್ತಿಯೂ ಮಿತಿಯೂ ಆ ಒಂದೇ ಮಾತಿನಲ್ಲಿದೆ. ಆಳಕ್ಕೆ ಹೋಗುತ್ತದೆ, ಆದರೆ ಎಷ್ಟು ಆಳ ಎಂದು ಕೇಳಿದರೆ ಸುಳ್ಳೆಂದು ತೋರಿಸಲಾಗದ ಉತ್ತರ ಕೊಡುತ್ತದೆ. ಲವೀನಾಳ ಹತ್ತಿರ ವರ್ಷಗಳಿರಲಿಲ್ಲ, ವಾರಗಳಿದ್ದವು.

ಸಿಸ್ಟರ್ ಬೆನೆಡಿಕ್ಟಾ ಅವಳನ್ನು ಬಾಗಿಲ ಬಳಿಯ ಮೇಜಿಗೆ ಕರೆಸಿಕೊಂಡರು. ಏನೂ ಹೇಳಿಕೊಡಲಿಲ್ಲ, ಬರೇ ಕೇಳಿದರು. ಮನೆಯವರ ಮಾತು, ಊರವರ ಮಾತು ಎಲ್ಲ ಬದಿಗೆ ಸರಿಸಿ, ನರ್ಸ್ ಆಗುವ ಆಸೆ ತನ್ನದೇ ಎಂದು ಲವೀನಾ ಗಟ್ಟಿ ಮಾಡಿಕೊಂಡಳು. ಕುಗ್ಗಿದ ಹೆಗಲು ನೆಟ್ಟಗಾಯಿತು. ಮುಂದಿನ ಸಲ ಬಿದ್ದಾಗ ನಾಚಿಕೆಯಿಂದ ಬೀಳಲಿಲ್ಲ, ಆತ್ಮಗೌರವದಿಂದ ಬಿದ್ದಳು. ಬಿದ್ದದ್ದಂತೂ ಬಿದ್ದಳು.

ಡಾಕ್ಟರ್ ನಫೀಸಾ ಹೃದಯ, ಸಕ್ಕರೆ, ಹಿಮೋಗ್ಲೋಬಿನ್ ಎಲ್ಲ ನೋಡಿದರು. ಎಲ್ಲ ಸರಿ ಇತ್ತು. ಆತಂಕಕ್ಕೆಂದು ಸಣ್ಣ ಮಾತ್ರೆ ಬರೆದರು. ಬೇರೆ ಎಷ್ಟೋ ಜನರನ್ನು ಅಂಥ ಮಾತ್ರೆಯಿಂದ ಅವರು ನರಕದಿಂದ ಎತ್ತಿದ್ದನ್ನು ನಾನೇ ಕಂಡಿದ್ದೇನೆ. ಯಾವ ಮಾತಿಗೂ ಬಗ್ಗದ ಖಿನ್ನತೆ ಔಷಧಿಗೆ ಬಗ್ಗುತ್ತದೆ. ಲವೀನಾಳಿಗೆ ಮಾತ್ರ ತರಗತಿಯಲ್ಲಿ ತೂಕಡಿಕೆ ಬಂತು. "ಮೊದಲು ರಕ್ತ ನೋಡಿದ್ರೆ ಮಾತ್ರ ಬೀಳ್ತಿದ್ದೆ ಮೇಡಂ, ಈಗ ಬೋರ್ಡ್ ನೋಡಿದ್ರೂ ಬೀಳ್ತೇನೆ" ಎಂದಳು. ಮಾತ್ರೆ ನಿಂತಿತು.

ಉಳಿದದ್ದು ನಾನು. ಮೂವರೂ ಸೋತ ಮೇಲೆ ಬಂದದ್ದರಿಂದ ನನಗೆ ಒಳಗೊಳಗೇ ಹಿಗ್ಗು. ಭಯದ ಮೆಟ್ಟಿಲುಗಳನ್ನು ಮಾಡಿದೆ: ಮೊದಲು ಚಿತ್ರ, ಆಮೇಲೆ ಖಾಲಿ ಸಿರಿಂಜು, ಆಮೇಲೆ ರಕ್ತ ತುಂಬಿದ ನಳಿಕೆ, ಕಡೆಗೆ ಡ್ರೆಸ್ಸಿಂಗ್ ರೂಮು. ಪ್ರತಿ ಮೆಟ್ಟಿಲಲ್ಲೂ ಮೈ ಸಡಿಲ ಬಿಡಬೇಕು, ಭುಜ ಇಳಿಸಬೇಕು, ಉಸಿರು ನಿಧಾನ ಮಾಡಬೇಕು. ಲಿಫ್ಟಿಗೂ ನಾಯಿಗೂ ಗೆದ್ದ ವಿಧಾನ. ಲವೀನಾ ಹೇಳಿದ್ದೆಲ್ಲ ಚಾಚೂ ತಪ್ಪದೆ ಮಾಡಿದಳು, ಚಿತ್ರ ನೋಡುತ್ತಲೇ ಮೊದಲಿಗಿಂತ ಬೇಗ ಕುರ್ಚಿಯಲ್ಲಿ ಕುಸಿದಳು. ನಾನು ಅವಳಿಗೇ ಬೈದೆ, ಮನೆಯಲ್ಲಿ ಅಭ್ಯಾಸ ಸಾಲದು ಎಂದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ವೃತ್ತಿಯಲ್ಲಿ ಈ ಗಾದೆಗೆ ಒಂದು ಗಂಭೀರ ಹೆಸರಿದೆ, ರೋಗಿಯ ಅಸಹಕಾರ.

ಹಟ ಹಿಡಿದು ಅವಳನ್ನು ಡ್ರೆಸ್ಸಿಂಗ್ ರೂಮಿಗೆ ನಾನೇ ಕರೆದುಕೊಂಡು ಹೋದೆ. ಬಂದರಿನ ಬೋಟಿನಲ್ಲಿ ಹಗ್ಗ ಸುತ್ತಿ ಕಾಲು ಸೀಳಿಸಿಕೊಂಡಿದ್ದ ಒಬ್ಬರು ಮೇಜಿನ ಮೇಲೆ ಮಲಗಿದ್ದರು. ಗಾಯದ ಬಟ್ಟೆ ಬಿಚ್ಚಿ ಇಟ್ಟು, ಹೊಲಿಗೆಯ ಸಾಮಾನು ತರಲು ಸಿಬ್ಬಂದಿ ಪಕ್ಕದ ಕೋಣೆಗೆ ಹೋಗಿದ್ದರು. ಇಲ್ಲಿ ಒಂದು ಮಾತು ಹೇಳಬೇಕು. ಬೋಳಾರದ ನಮ್ಮ ಮನೆಯಲ್ಲಿ ಕೆಂಪು ಎಂದರೆ ಆರತಿಗೆ ಅರಸಿನ ಸುಣ್ಣ ಕಲಸಿದ ಕುರ್ದಿ ನೀರು. ಮೀನು ಕೊಯ್ಯುವುದನ್ನೂ ಹತ್ತಿರದಿಂದ ಕಂಡವನಲ್ಲ ನಾನು.

"ಲವೀನಾ, ನೋಡು. ಭುಜ ಸಡಿಲ ಬಿಡು. ದೀರ್ಘವಾಗಿ ಉಸಿರು ತೆಗೆದುಕೋ. ಕಾಲು ಹಗುರ..." ಎನ್ನುತ್ತ, ಮಾದರಿಯಾಗಲೆಂದು ನಾನೂ ಭುಜ ಸಡಿಲ ಬಿಟ್ಟೆ. ಕಾಲು ನಿಜವಾಗಿಯೂ ಹಗುರವಾಯಿತು. ಆಮೇಲಿನದ್ದು ನನಗೆ ನೆನಪಿಲ್ಲ, ಬೇರೆಯವರು ಹೇಳಿದ್ದನ್ನು ಬರೆಯುತ್ತೇನೆ.

ನಾನು ಲವೀನಾಳ ಮೇಲೆಯೇ ಬಿದ್ದೆನಂತೆ. ಆಗಲೂ ನಾನು ದಪ್ಪ ಆಳು. ಅವಳು ಕಂಕುಳಿಗೆ ಕೈ ಹಾಕಿ, ಹಲ್ಲು ಕಚ್ಚಿ, ನನ್ನ ತಲೆ ನೆಲಕ್ಕೆ ಬಡಿಯದ ಹಾಗೆ ಹಿಡಿದು ನಿಂತು, "ಯಾರಾದ್ರೂ ಬನ್ನಿ! ಸರ್ ಬಿದ್ರು!" ಎಂದು ಕೂಗಿದಳಂತೆ. ಕಾಲು ಸೀಳಿಸಿಕೊಂಡಿದ್ದವರು ಎದ್ದು ಕೂತು, "ನನ್ನದು ಆಮೇಲೆ ಹೊಲೀರಿ, ಮೊದಲು ಆ ಭಟ್ರನ್ನು ನೋಡಿ ಮಾರಾಯ್ರೇ" ಎಂದರಂತೆ. ಓಡಿ ಬಂದ ಸಿಬ್ಬಂದಿ ಅಭ್ಯಾಸಬಲದಿಂದ ಕೇಳಿದ್ದು ಒಂದೇ: "ಲವೀನಾ ಬಿದ್ದಳಾ?"

ಲವೀನಾ ಬಿದ್ದಿರಲಿಲ್ಲ. ರಕ್ತದ ಬಟ್ಟೆ ಅವಳ ಮೊಣಕೈ ಹತ್ತಿರವೇ ಇತ್ತು.

ಕಣ್ಣು ಬಿಟ್ಟಾಗ ನಾನು ದೊಡ್ಡ ಸರ್ ಅವರ ಮಂಚದ ಮೇಲಿದ್ದೆ. "ಅಂತೂ ನಮ್ಮ ಮಂಚಕ್ಕೆ ಬಂದ್ರಲ್ಲ" ಎಂದು ಅವರು ಸಂತೋಷದಿಂದ ನನ್ನ ತಲೆಯ ಹಿಂದೆ ಕುರ್ಚಿ ಎಳೆದುಕೊಂಡರು. ನಾಚಿಕೆಯಿಂದ ನನಗೆ ಮತ್ತೊಮ್ಮೆ ಮೂರ್ಛೆ ಹೋದರೆ ಸಾಕಾಗಿತ್ತು. ಆದರೆ ಕೋಣೆಯಲ್ಲಿ ನನ್ನ ಸುದ್ದಿ ಯಾರಿಗೂ ಬೇಡವಾಗಿತ್ತು. ಲವೀನಾ ಯಾಕೆ ಬೀಳಲಿಲ್ಲ ಎನ್ನುವುದೇ ಮಾತು.

"ಗುರುವಿನ ರೂಪದಲ್ಲಿ ಬಂದ ತಂದೆಯನ್ನು ಅವಳು ಕಾಪಾಡಿದಳು" ಎಂದರು ದೊಡ್ಡ ಸರ್. "ಬೇರೆಯವರಿಗೆ ಬೇಕಾದಾಗ ತನ್ನ ಶಕ್ತಿ ಅವಳಿಗೆ ಸಿಕ್ಕಿತು" ಎಂದರು ಸಿಸ್ಟರ್. ನಾನು ಮಲಗಿಕೊಂಡೇ, ಮೆಟ್ಟಿಲು ಹತ್ತಿಸಿದ್ದು ನಾನಲ್ಲವೇ ಎಂದು ಗೊಣಗಿದೆ. ತಮ್ಮ ಮೂಗಿನ ನೇರಕ್ಕೆ ನೋಡುವುದರಲ್ಲಿ ಯಾರೂ ಹಿಂದೆ ಬೀಳಲಿಲ್ಲ. ಡಾಕ್ಟರ್ ನಫೀಸಾ ಮಾತ್ರ ಲವೀನಾಳ ಕಡೆಗೆ ತಿರುಗಿ, "ನಿನಗೆ ಆಗ ಮೈಯಲ್ಲಿ ಎಂತ ಆಯ್ತು?" ಎಂದು ಕೇಳಿದರು. ಇಷ್ಟು ದಿನ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಎಂತ ಆಗಲಿಲ್ಲ ಮೇಡಂ. ಸರ್ ತುಂಬ ಭಾರ. ಕೈಕಾಲು ಹೊಟ್ಟೆ ಎಲ್ಲ ಬಿಗಿ ಹಿಡ್ಕೊಂಡಿದ್ದೆ. ಈಗ ನೆನಪಾಗ್ತದೆ, ವಾರ್ಡಿನಲ್ಲಿ ರೋಗಿಯನ್ನು ಎತ್ತುವಾಗ ರಕ್ತ ಕಂಡ್ರೂ ಬಿದ್ದದ್ದಿಲ್ಲ."

ಡಾಕ್ಟರ್ ನಫೀಸಾ ರಕ್ತದೊತ್ತಡದ ಯಂತ್ರ ತರಿಸಿದರು. ಅವಳ ತೋಳಿಗೆ ಪಟ್ಟಿ ಸುತ್ತಿ ಚಿತ್ರ ತೋರಿಸಿದರು. ಒತ್ತಡ ಒಮ್ಮೆ ಏರಿ, ತಟ್ಟನೆ ಇಳಿಯಿತು. "ಈಗ ಸರ್ ಅನ್ನು ಎತ್ತಿದ ಹಾಗೆ ಬಿಗಿ ಹಿಡಿ" ಎಂದರು. ಒತ್ತಡ ಮೇಲೆ ಬಂತು. ಆಗ ಎಲ್ಲ ಬಿಡಿಸಿಕೊಂಡಿತು. ಲಿಫ್ಟಿನ ಭಯದಲ್ಲಿ, ನಾಯಿಯ ಭಯದಲ್ಲಿ ಎದೆ ಹೊಡೆದುಕೊಳ್ಳುತ್ತದೆ, ಒತ್ತಡ ಏರುತ್ತದೆ, ಅಲ್ಲಿ ಮೈ ಸಡಿಲಿಸುವುದು ಸರಿ. ರಕ್ತದ ಭಯದಲ್ಲಿ ಒತ್ತಡ ಇಳಿಯುತ್ತದೆ, ತಲೆಗೆ ರಕ್ತ ಸಾಲದೆ ಮನುಷ್ಯ ಬೀಳುತ್ತಾನೆ. ಇಳಿಯುವವಳನ್ನು ನಾನು ಶಾಸ್ತ್ರೋಕ್ತವಾಗಿ ಇನ್ನಷ್ಟು ಇಳಿಸಿದ್ದೆ. ಒಳಗೆ ಏನಿದೆ ಎಂದು ನೋಡಬೇಕಾಗಿಲ್ಲ ಎನ್ನುವ ನನ್ನ ಸಿದ್ಧಾಂತಕ್ಕೆ ಒಳಗಿದ್ದ ರಕ್ತನಾಳವೇ ಪಾಠ ಹೇಳಿತು.

ಮೆಟ್ಟಿಲುಗಳು ಉಳಿದವು, ಸಡಿಲಿಸುವುದು ಹೋಗಿ ಬಿಗಿ ಹಿಡಿಯುವುದು ಬಂತು. ಲವೀನಾ ದಿನವೂ ಅಭ್ಯಾಸ ಮಾಡಿದಳು, ಜೊತೆಗೆ ಯಾರಿಗೂ ಹೇಳದೆ ನಾನೂ ಮಾಡಿದೆ. ದೇಹ ಸರಿಯಾಯಿತು, ಬಾಯಿ ಮಾತ್ರ "ಪ್ರಾಂಶುಪಾಲರ ಎದುರು ಬಿದ್ದೇ ಬೀಳ್ತೇನೆ" ಎನ್ನುವುದನ್ನು ಬಿಡಲಿಲ್ಲ. ಆಗಷ್ಟೇ ನಾನು ಒಂದು ತರಬೇತಿಯಿಂದ ಅರಿವಿನ ಚಿಕಿತ್ಸೆ ಎನ್ನುವ ಹೊಸ ವಿಧಾನ ಕಲಿತು ಬಂದಿದ್ದೆ. ಸಂಕಟ ಕೊಡುವುದು ಘಟನೆಗಿಂತ ಹೆಚ್ಚಾಗಿ ಅದರ ಬಗ್ಗೆ ನಾವು ಮಾಡಿಕೊಳ್ಳುವ ಆಲೋಚನೆ, ಅದನ್ನು ಪರೀಕ್ಷೆಗೆ ಹಚ್ಚಬೇಕು ಎನ್ನುವುದು ಅದರ ತಿರುಳು.

"ಬಿದ್ದರೆ ಏನು ಅರ್ಥ?" ಎಂದು ಕೇಳಿದೆ.

"ನಾನು ಲಾಯಕ್ಕಿಲ್ಲ ಅಂತ ಅರ್ಥ."

"ಹಾಗಾದರೆ ನಾನು?"

ಅವಳು ಬಹಳ ದಿನಗಳ ಮೇಲೆ ಬಾಯಿತುಂಬ ನಕ್ಕಳು. "ನೀವು ಲಾಯಕ್ಕೇ ಸರ್. ಭಾರ ಜಾಸ್ತಿ, ಅಷ್ಟೇ."

ಆ ವಿಧಾನವನ್ನೂ ಮುಂದೆ ನಾನು ತಲೆಯ ಮೇಲೆ ಹೊತ್ತು ತಿರುಗಿದೆ, ಅದರ ಮಿತಿಯನ್ನೂ ಕಂಡೆ. ಗಂಡ ಕುಡಿದು ಬಂದು ಹೊಡೆಯುವ ಹೆಂಗಸಿಗೆ ಆಲೋಚನೆ ತಿದ್ದಿಕೋ ಎಂದರೆ ಅದು ಚಿಕಿತ್ಸೆಯಲ್ಲ, ಅನ್ಯಾಯ. ಅಲ್ಲಿ ತಿದ್ದಬೇಕಾದದ್ದು ಮನೆ. ಮನುಷ್ಯನನ್ನು ಅವನ ಮನೆ, ಜಾತಿ, ಕೆಲಸ, ಸುತ್ತಲಿನ ಜನರಿಂದ ಬಿಡಿಸಿ ನೋಡಬಾರದೆಂಬ ಮಾತು ನಮ್ಮ ಕೋಣೆಗೆ ತಡವಾಗಿ ಬಂತು. ಅದಕ್ಕೆ ಪ್ರತ್ಯೇಕ ಮೇಜು ಹಾಕಲು ಜಾಗವೂ ಇರಲಿಲ್ಲ.

ಪರೀಕ್ಷೆಯ ದಿನ ಯಾರ ರಕ್ತ ತೆಗೆಯುವುದು ಎಂಬ ಪ್ರಶ್ನೆ ಎದ್ದಿತು. ಬೀಳುವ ಹುಡುಗಿ ಎಂದು ಇಡೀ ವಾರ್ಡಿಗೆ ಗೊತ್ತಿತ್ತು, ರೋಗಿಗಳು ಕೈ ಮುಚ್ಚಿಕೊಂಡು ಮಲಗಿದ್ದರು. ನಾನು ಗೋಡೆಯ ಬಣ್ಣ ನೋಡುತ್ತ ನಿಂತೆ. ಆಗ ದೊಡ್ಡ ಸರ್ ಮುಂದೆ ಬಂದು, ಕುರ್ಚಿಯಲ್ಲಿ ಕೂತು, ಅಂಗಿಯ ತೋಳು ಮಡಚಿದರು. ಬಿಗಿ ಹಿಡಿಯುವುದೆಲ್ಲ ಮೇಲುಮೇಲಿನ ಚಿಕಿತ್ಸೆ ಎಂದು ಹಿಂದಿನ ದಿನವೂ ವಾದ ಮಾಡಿದ್ದವರು ಅವರು. ಅಂದಿನಿಂದ ಅವರ ಮೇಲೆ ನನಗೆ ಬಂದ ಗೌರವ ಕಡಿಮೆಯಾಗಲೇ ಇಲ್ಲ.

ಲವೀನಾ ಕಾಲು ಊರಿ ನಿಂತಳು. ಹೊಟ್ಟೆ ಬಿಗಿ ಹಿಡಿದದ್ದು ಎಲ್ಲರಿಗೂ ಕಾಣುತ್ತಿತ್ತು. ಪಟ್ಟಿ ಕಟ್ಟಿದಳು, ಬೆರಳಿಂದ ತಡವಿದಳು, ಮತ್ತೆ ತಡವಿದಳು. ದೊಡ್ಡ ಸರ್ ಅವರಿಗೆ ತಡೆಯಲಾಗಲಿಲ್ಲ.

"ಈಗ ನಿನ್ನ ಮನಸ್ಸಿಗೆ ಎಂತ ಬರ್ತಾ ಉಂಟು?"

"ನಿಮ್ಮ ನರ ಸಿಗ್ತಾ ಇಲ್ಲ ಅಂತ ಬರ್ತಾ ಉಂಟು ಸರ್. ಸ್ವಲ್ಪ ಮಾತಾಡದೆ ಕೂತ್ಕೊಳ್ಳಿ."

ಸೂಜಿ ಹೋಯಿತು. ನಳಿಕೆ ತುಂಬಿತು. ಹತ್ತಿ ಒತ್ತಿ, ಅವರ ಮೊಣಕೈ ಮಡಚಿ, ನಳಿಕೆಗೆ ಹೆಸರು ಅಂಟಿಸಿ, ಪ್ರಾಂಶುಪಾಲರ ಕೈಗೆ ಕೊಟ್ಟು, ಆಮೇಲೆ ಲವೀನಾ ಉಸಿರು ಬಿಟ್ಟಳು. ಸಿಸ್ಟರ್ ಬೆನೆಡಿಕ್ಟಾ ಚಪ್ಪಾಳೆ ತಟ್ಟಿದರು. ವಾರ್ಡಿನ ಮೂಲೆಯಲ್ಲಿ ಒಬ್ಬ ಅಜ್ಜ ತಾನಾಗಿಯೇ ಕೈ ಚಾಚಿ, "ಬಾ ಮಗಾ, ನನ್ನದೂ ತೆಗಿ" ಎಂದರು.

ಲವೀನಾ ಊರಲ್ಲಿ, ಆಮೇಲೆ ಗಲ್ಫಿನಲ್ಲಿ ಕೆಲಸ ಮಾಡಿ, ಈಗ ಇಲ್ಲಿಯೇ ನರ್ಸಿಂಗ್ ಪಾಠ ಹೇಳುತ್ತಾಳೆ. ಇತ್ತೀಚೆಗೆ ಒಂದು ದಿನ ಫೋನ್ ಮಾಡಿದಳು. "ಸರ್, ನನ್ನ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಶ್ರುತಿ ಅಂತ. ಸೂಜಿ ಹಿಡಿದ್ರೆ ಆಗುವುದಿಲ್ಲ. ಬಿಗಿ ಹಿಡಿ, ಬಿಗಿ ಹಿಡಿ ಅಂತ ಹೇಳಿ ಹೇಳಿ ಸಾಕಾಯ್ತು. ದಿನದಿಂದ ದಿನಕ್ಕೆ ಜಾಸ್ತಿಯೇ ಆಗ್ತಾ ಉಂಟು. ಅವಳು ಸರಿಯಾಗಿ ಪ್ರಾಕ್ಟೀಸ್ ಮಾಡುವುದಿಲ್ಲ ಅಂತ ಕಾಣ್ತದೆ."

ನಾನು ಫೋನಿನಲ್ಲೇ ಜೋರಾಗಿ ನಕ್ಕೆ. "ಲವೀನಾ, ನೀನೂ ಒಂದು ಮೇಜು ಹಾಕಿಕೊಂಡೆಯಾ?" ಎಂದೆ. ಅವಳು "ಅಯ್ಯೋ ದೇವರೇ" ಎಂದಳು.

ಮರುದಿನ ಅವಳ ಕಾಲೇಜಿಗೆ ಹೋದೆ. ಶ್ರುತಿಯನ್ನು ಎದುರು ಕೂರಿಸಿಕೊಂಡು ಲವೀನಾಳೇ ಕೇಳಿದಳು, ಸೂಜಿ ಹಿಡಿದಾಗ ಮೈಯಲ್ಲಿ ಎಂತ ಆಗ್ತದೆ ಎಂದು. "ಎದೆ ಡಬಡಬ ಹೊಡೀತದೆ ಮೇಡಂ. ಕೈ ನಡುಗ್ತದೆ. ಬೀಳುವ ಹಾಗೆ ಆಗುವುದಿಲ್ಲ, ಓಡಿ ಹೋಗುವಾ ಅಂತ ಆಗ್ತದೆ. ರೋಗಿಗೆ ನೋವಾದ್ರೆ ಅಂತ ಹೆದರಿಕೆ." ರಕ್ತದ ಭಯವೇ ಅಲ್ಲ ಅದು. ಬಿಗಿದ ಮೈಯನ್ನು ಲವೀನಾ ಇನ್ನಷ್ಟು ಬಿಗಿ ಮಾಡಿಸುತ್ತಿದ್ದಳು. ನಾನು ಸಡಿಲಿಸಿ ಸೋತದ್ದಕ್ಕೆ ಅವಳು ಬಿಗಿದು ಸೋತು ಲೆಕ್ಕ ಸರಿ ಮಾಡಿದಳು.

ಶ್ರುತಿಗೆ ನನ್ನ ಹಳೆಯ ಸಡಿಲಿಸುವ ವಿಧಾನವೇ ಹಿಡಿಸಿತು. ಕೆಲವು ವಾರಗಳ ಮೇಲೆ ಲವೀನಾ ಮತ್ತೆ ಕರೆದಳು, ಇವತ್ತು ಹುಡುಗಿ ಮೊದಲ ಬಾರಿ ನಿಜವಾದ ಕೈಗೆ ಸೂಜಿ ಚುಚ್ಚುತ್ತಾಳೆ, ಬನ್ನಿ ಎಂದು. ನೋಡಲೆಂದು ಹೋದೆ. ಶ್ರುತಿ ಸೂಜಿ ಹಿಡಿದು ನಿಂತಿದ್ದಳು, ಎದುರಿನ ಕುರ್ಚಿ ಖಾಲಿ ಇತ್ತು. ಲವೀನಾ ನನ್ನ ಮುಖವನ್ನೇ ನೋಡಿದಳು. ದೊಡ್ಡ ಸರ್ ಈಗ ಇಲ್ಲ. ಗೋಡೆಯ ಬಣ್ಣ ನೋಡುತ್ತ ನಿಲ್ಲುವ ವಯಸ್ಸೂ ನನ್ನದಲ್ಲ.

ಕೂತು ಅಂಗಿಯ ತೋಳು ಮಡಚಿದೆ. ಲವೀನಾ ಹಿಂದೆ ಬಂದು ನಿಂತು ನನ್ನ ಎರಡೂ ಭುಜ ಹಿಡಿದುಕೊಂಡಳು.

"ಶ್ರುತಿ, ನೀನು ಸಡಿಲ ಬಿಡು" ಎಂದಳು. "ಸರ್, ನೀವು ಬಿಗಿ ಹಿಡೀರಿ."

ಒಂದೇ ಕೋಣೆ, ಒಂದೇ ಸೂಜಿ, ಆ ಕಡೆ ಒಂದು ಮದ್ದು, ಈ ಕಡೆ ಅದಕ್ಕೆ ತದ್ವಿರುದ್ಧವಾದ ಇನ್ನೊಂದು. ನಾನು ಹೊಟ್ಟೆ ಬಿಗಿ ಹಿಡಿದು, ಹಲ್ಲು ಕಚ್ಚಿ, ಕಣ್ಣು ತೆರೆದೇ ನೋಡಿದೆ. ಹುಡುಗಿ ಓಡಲಿಲ್ಲ. ನಾನೂ ಬೀಳಲಿಲ್ಲ.